ಮಾದಿಹಳ್ಳಿಯ ಶ್ಯಾಮಲಾ ಫ್ರಾನ್ಸಿನ ವೈನ್ ಕಲಿತದ್ದು

ಶ್ಯಾಮಲಾ ಆ ರೆಸಾರ್ಟಿಗೆ ಮೊದಲು ಸೇರಿದ್ದು ತರಕಾರಿ ಹೆಚ್ಚುವುದಕ್ಕೆ. ಹಳೇಬೀಡಿನ ಕೆರೆಯ ಆಚೆ ಬದಿಯಲ್ಲಿ, ದೇವಸ್ಥಾನ ನೋಡಲು ದೂರದಿಂದ ಬಂದವರು ಒಂದೆರಡು ದಿನ ಉಳಿಯಲೆಂದು ಕಟ್ಟಿದ ಜಾಗ ಅದು. ಇಪ್ಪತ್ತೆರಡು ಕೋಣೆ, ಒಂದು ಈಜುಕೊಳ, ಗಾಜಿನ ಗೋಡೆಯ ರೆಸ್ಟೋರೆಂಟು. ಮಾದಿಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವಳು. ಎರಡು ವರ್ಷ ಈರುಳ್ಳಿ, ಬೀನ್ಸು, ಕ್ಯಾರೆಟ್ಟು ಹೆಚ್ಚಿದ್ದಾದ ಮೇಲೆ ಒಂದು ಮಧ್ಯಾಹ್ನ ಬಡಿಸುವವರಿಬ್ಬರು ಕೈಕೊಟ್ಟರು. ಒಳಗಿದ್ದವಳನ್ನೇ ಹೊರಗೆ ಕಳಿಸಿದರು. ಹನ್ನೊಂದು ಜನ ಒಬ್ಬರ ಮೇಲೊಬ್ಬರು ಹೇಳಿದ್ದನ್ನು ಚೀಟಿಯಿಲ್ಲದೆ ಕೇಳಿಸಿಕೊಂಡು ಬಂದು ಅಡುಗೆಯವನಿಗೆ ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಅಲ್ಲಿಂದಾಚೆಗೆ ಅವಳು ಮತ್ತೆ ಈಳಿಗೆ ಮಣೆಯ ಮುಂದೆ ಕೂರಲಿಲ್ಲ.

ಮನೆಯಲ್ಲಿ ‘ಊಟ ಬಡಿಸೋ ಕೆಲಸ’ ಎಂದು ಹೇಳಿದ್ದಳು. ಅದು ಸುಳ್ಳಲ್ಲ. ಊಟದ ಜೊತೆಗೆ ಟೇಬಲ್ಲಿಗೆ ಇನ್ನೇನೇನು ಹೋಗುತ್ತದೆ ಎಂಬುದನ್ನು ಮಾತ್ರ ಗಂಡ ಸಂತುವಿಗೆ ಬಿಟ್ಟು ಬೇರಾರಿಗೂ ಹೇಳಿರಲಿಲ್ಲ. ಹಾಸನದ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದ ಮಗಳು ನಂದಿತಾ ತಾನಾಗಿಯೇ ಊಹಿಸಿದ್ದಳು, ಅಷ್ಟೆ.

ಹೇಳದಿರಲು ಕಾರಣ ಮಾವ ಪುಟ್ಟಯ್ಯ. ಎಪ್ಪತ್ತೆಂಟು ವರ್ಷದ ಹಿರಿಯರು. ಮೂವತ್ತಾರು ವರ್ಷ ಊರಿನ ಗ್ರಾಮ ಸಹಾಯಕರಾಗಿದ್ದವರು. ಹಳಬರು ಕೆಲವರ ಬಾಯಲ್ಲಿ ಇನ್ನೂ ಆ ಕೆಲಸದ ಹಳೆಯ ಹೆಸರಿನ ‘ತೋಟಿ ಪುಟ್ಟಯ್ಯ’. ಅವರ ತಮ್ಮ ಸಣ್ಣಯ್ಯ ನಡುಹರೆಯದಲ್ಲೇ ಸಾರಾಯಿಗೆ ಬಲಿಯಾದ. ತಿಥಿ ಕಳೆದ ಮಾರನೆಯ ದಿನ ಪುಟ್ಟಯ್ಯ ಬೇಲೂರಿಗೆ ಹೋಗಿ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕುಳಿತರು. ಕೆಲಸ ಹೋದೀತೆಂದು ಹೆದರಿಸಿದರೂ ಏಳಲಿಲ್ಲ. ಅರ್ಜಿಯ ಮೇಲೆ ಅರ್ಜಿ ಕೊಟ್ಟು, ಹೆಂಗಸರನ್ನು ಕೂಡಿಸಿಕೊಂಡು, ಕಡೆಗೂ ಊರಿನ ಸಾರಾಯಿ ಅಂಗಡಿಯನ್ನು ಎತ್ತಿಸಿದರು. ಅಂಥವರ ಮನೆಗೆ ಸೊಸೆಯಾಗಿ ಬಂದು, ‘ನಾನು ಬಾಟಲಿಯ ಬಿರಡೆ ಕೀಳುತ್ತೇನೆ’ ಎಂದು ಯಾವ ಬಾಯಲ್ಲಿ ಹೇಳುವುದು?

ಕಳೆದ ನವೆಂಬರಿನಲ್ಲಿ ಒಂದು ಘಟನೆ ನಡೆಯಿತು. ವಿದೇಶದವರ ತಂಡವೊಂದು ಊಟಕ್ಕೆ ಬಂದಿತ್ತು. ಅದರಲ್ಲೊಬ್ಬ ವಯಸ್ಸಾದವರು ಶಾರ್ಡೊನೇ ಇದೆಯೇ ಎಂದು ಕೇಳಿದರು. ಪಟ್ಟಿಯಲ್ಲಿ ಆ ಹೆಸರು ಕಾಣದೆ ಶ್ಯಾಮಲಾ, “ಇಲ್ಲ ಸಾರ್, ಸಾರಿ” ಎಂದಳು. ಆತ ನಕ್ಕು ಅವಳ ಕೈಯತ್ತ ಬೆರಳು ಮಾಡಿದರು. ಪಕ್ಕದ ಟೇಬಲ್ಲಿಗೆಂದು ಅವಳು ಹಿಡಿದಿದ್ದ ಬಾಟಲಿ ಶಾಬ್ಲಿಯದು. ಶಾಬ್ಲಿ ಎಂಬುದು ಊರಿನ ಹೆಸರು. ಆ ಊರಿನ ಬಿಳಿ ವೈನನ್ನು ಮಾಡುವುದು ಶಾರ್ಡೊನೇ ಎಂಬ ದ್ರಾಕ್ಷಿಯಿಂದಲೇ. ಆತನದೇನೋ ಒಳ್ಳೆಯ ನಗು. ಆದರೆ ಅದೇ ಟೇಬಲ್ಲಿನ ಇನ್ನೊಬ್ಬರು ತುಸು ಜಾಸ್ತಿಯೇ ನಕ್ಕರು. ವಾರ ಕಳೆಯುವುದರೊಳಗೆ ಇಂಟರ್ನೆಟ್ಟಿನಲ್ಲಿ ಯಾರೋ ಬರೆದರು: ಜಾಗ ಚೆಂದ, ಊಟ ಚೆಂದ, ಆದರೆ ಇಲ್ಲಿನವರಿಗೆ ತಾವು ಏನು ಮಾರುತ್ತಿದ್ದೇವೆಂಬುದೇ ಗೊತ್ತಿಲ್ಲ.

ಮಾಲೀಕರು ಅದನ್ನು ಓದಿದರು. ರೆಸ್ಟೋರೆಂಟಿನ ಮ್ಯಾನೇಜರ್ ಇಂದ್ರೇಶ್ ಅರಸೀಕೆರೆಯವನು, ಶ್ಯಾಮಲಾಗಿಂತ ಆರೇಳು ವರ್ಷ ಚಿಕ್ಕವನು. ಮಾರನೆಯ ದಿನ ಅವಳನ್ನು ಕರೆದ. ಬೈಗುಳ ಕಾದಿದೆ ಎಂದುಕೊಂಡೇ ಹೋದಳು.

“ಶ್ಯಾಮಲಕ್ಕ, ಬೆಂಗಳೂರಲ್ಲಿ ವೈನ್ ಬಗ್ಗೆ ಒಂದು ಪರೀಕ್ಷೆ ಇದೆ. ಫ್ರಾನ್ಸಿನ ಊರುಗಳು, ದ್ರಾಕ್ಷಿಗಳು, ದರ್ಜೆಗಳು. ಮೂವತ್ತು ಪ್ರಶ್ನೆ. ಇಪ್ಪತ್ತೊಂದು ಸರಿ ಬಂದ್ರೆ ಪಾಸು. ಇಲ್ಲಿಂದ ಒಬ್ಬರನ್ನ ಕಳಿಸ್ಬೇಕಂತೆ. ನೀವು ಹೋಗಿ.”

“ನಾನಾ? ನಾನು ಕುಡಿಯೋಳಲ್ಲ ಸಾರ್!”

“ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಮಿಕ್ಕೋರೆಲ್ಲ ನಾನು ನಾನು ಅಂತ ಕೈಯೆತ್ತಿದ್ರು. ಅವರ ಕೈಗೆ ಬಾಟಲಿ ಕೊಟ್ರೆ ಅಭ್ಯಾಸ ನಡೆಯುತ್ತೆ, ಓದು ನಡೆಯಲ್ಲ.”

ಪಾಸಾದರೆ ಊಟದ ವಿಭಾಗಕ್ಕೆಲ್ಲ ಅವಳನ್ನು ಕ್ಯಾಪ್ಟನ್ ಮಾಡುವುದಾಗಿ ಹೇಳಿದ. ಆಗದಿದ್ದರೆ ಏನು ಎಂಬುದನ್ನು ಹೇಳಲಿಲ್ಲ. ಬೆಂಗಳೂರಿನಿಂದ ಯಾರನ್ನೋ ಕರೆಸುವ ಮಾತು ಆಗಲೇ ಅಡುಗೆಮನೆಯಲ್ಲಿ ಓಡಾಡುತ್ತಿತ್ತು. ಹಾಗೆ ಒಬ್ಬರು ಬಂದರೆ ಇರುವವರಲ್ಲಿ ಒಬ್ಬರು ಒಳಗೆ ಸರಿಯಬೇಕು. ಶ್ಯಾಮಲಾಗೆ ಈರುಳ್ಳಿಯ ಗುಡ್ಡೆ ಕಣ್ಣಮುಂದೆ ಬಂತು. ಆಯಿತು ಎಂದಳು.

ಎರಡು ತಿಂಗಳ ಸಮಯವಿತ್ತು. ಪುಸ್ತಕ ಇಂಗ್ಲಿಷಿನಲ್ಲಿತ್ತು. ಅವಳು ಜಾವಗಲ್ಲಿನಲ್ಲಿ ಕನ್ನಡದಲ್ಲೇ ಪಿಯುಸಿ ಮುಗಿಸಿದವಳು. ಇಂಗ್ಲಿಷನ್ನು ಓದಬಲ್ಲಳು, ಆದರೆ ಕಲ್ಲು ದಾಟುವ ಹಾಗೆ ಒಂದೊಂದೇ ಪದದ ಮೇಲೆ ಕಾಲಿಟ್ಟು. ಇಂಗ್ಲಿಷಾದರೂ ಪರವಾಗಿಲ್ಲ, ಈ ಫ್ರೆಂಚರು ಬರೆಯುವ ಅಕ್ಷರಗಳಲ್ಲಿ ಅರ್ಧವನ್ನು ಓದುವುದೇ ಇಲ್ಲ. ಕೊನೆಯಲ್ಲಿ ಎಕ್ಸ್ ಇದ್ದರೂ ಅದು ಬೋರ್ದೋ. ಟಿ ಇದ್ದರೂ ಮೆರ್ಲೋ. ನಂದಿತಾ ಹಾಸ್ಟೆಲಿನಲ್ಲಿ ಕುಳಿತು ಒಂದೊಂದು ಹೆಸರನ್ನೂ ಹೇಗೆ ಅನ್ನಬೇಕೆಂದು ಫೋನಿನಲ್ಲಿ ಹುಡುಕಿ, ಕೇಳಿ, ತನ್ನ ದನಿಯಲ್ಲಿ ಹೇಳಿ ಕಳಿಸುತ್ತಿದ್ದಳು. ಶ್ಯಾಮಲಾ ಅವನ್ನೆಲ್ಲ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ತುಟಿ ಅಲ್ಲಾಡಿಸುವುದನ್ನು ನೋಡಿ ಕಂಡಕ್ಟರು ಲಲಿತಾ ಸಹಸ್ರನಾಮ ಅಂದುಕೊಂಡಿದ್ದ.

ಒಂದು ಹಂತದವರೆಗೆ ಸಲೀಸಾಗಿಯೇ ಹೋಯಿತು. ಬರ್ಗಂಡಿಯಲ್ಲಿ ಬಿಳಿಗೆ ಶಾರ್ಡೊನೇ, ಕೆಂಪಿಗೆ ಪಿನೋ ನ್ವಾರ್. ರೋನ್ ಕಣಿವೆಯ ಉತ್ತರದಲ್ಲಿ ಸಿರಾ, ದಕ್ಷಿಣದಲ್ಲಿ ಗ್ರೆನಾಶ್. ಲ್ವಾರ್ ಹೊಳೆಯ ಉದ್ದಕ್ಕೂ ಬಿಳಿಯದೇ ಜಾಸ್ತಿ. ಶಾಂಪೇನ್ ಎಂದು ಕರೆಯಿಸಿಕೊಳ್ಳಬೇಕಾದರೆ ಆ ಸೀಮೆಯಲ್ಲೇ ಬೆಳೆದು ಅಲ್ಲೇ ನೊರೆ ಬಂದಿರಬೇಕು. ಬೇರೆ ಕಡೆ ಎಷ್ಟೇ ನೊರೆ ಬರಲಿ, ಆ ಹೆಸರಿಲ್ಲ. ಅಲ್ಸಾಸಿನವರು ಮಾತ್ರ ಪುಣ್ಯಾತ್ಮರು, ದ್ರಾಕ್ಷಿಯ ಹೆಸರನ್ನು ಬಾಟಲಿಯ ಮೇಲೇ ಬರೆಯುತ್ತಾರೆ. ಮಿಕ್ಕವರದೆಲ್ಲ ಊರಿನ ಹೆಸರು. ಯಾವ ಊರಿನಲ್ಲಿ ಯಾವ ದ್ರಾಕ್ಷಿ ಬೆಳೆಯಬಹುದು, ಎಷ್ಟು ಇಳುವರಿ ತೆಗೆಯಬಹುದು ಎಂಬುದಕ್ಕೆಲ್ಲ ಸರ್ಕಾರದ ಕಟ್ಟಳೆ ಇದೆ. ಊರು ಗೊತ್ತಾದರೆ ಒಳಗೇನಿದೆ ಎಂದು ತಿಳಿಯಬೇಕು, ಅಷ್ಟೆ ಅವರ ಲೆಕ್ಕ.

ರುಚಿ ನೋಡುವುದು ಮಾತ್ರ ಕಷ್ಟವಾಯಿತು. ಮೊದಲ ದಿನ ಇಂದ್ರೇಶ್ ನಾಲ್ಕು ಗ್ಲಾಸು ಇಟ್ಟು, ಪಕ್ಕದಲ್ಲೊಂದು ಸ್ಟೀಲ್ ಬಕೆಟ್ ಇಟ್ಟ.

“ನುಂಗ್ಬೇಡಿ ಅಕ್ಕ. ಬಾಯಲ್ಲಿ ಒಂದು ಸುತ್ತು ಆಡಿಸಿ ಇದಕ್ಕೆ ಉಗೀರಿ. ದೊಡ್ಡ ದೊಡ್ಡ ಪಂಡಿತರೂ ಹಂಗೇ ಮಾಡೋದು.”

ಅವಳಿಗೆ ಕೈ ಬರಲಿಲ್ಲ. ಒಂದು ವಾರ ಬರೀ ಮೂಸಿ ನೋಡಿದಳು. ಮೂಗು ಚುರುಕು. ಸೋವಿನ್ಯೋಂ ಬ್ಲಾಂ ಹಸಿಮೆಣಸಿನಕಾಯಿ ತೊಟ್ಟು ಮುರಿದ ಹಾಗೆ, ಸಿರಾ ನೇರಳೆಹಣ್ಣಿನ ಮೇಲೆ ಮೆಣಸಿನಪುಡಿ ಉದುರಿಸಿದ ಹಾಗೆ, ಮರದ ಪೀಪಾಯಿಯಲ್ಲಿಟ್ಟದ್ದಕ್ಕೆ ಲವಂಗದ ಡಬ್ಬಿಯ ವಾಸನೆ ಎಂದೆಲ್ಲ ಅವಳು ಹೇಳಿದ್ದನ್ನು ಇಂದ್ರೇಶ್ ಬರೆದಿಟ್ಟುಕೊಂಡ. ಎರಡನೆಯ ವಾರ ಧೈರ್ಯ ಮಾಡಿ ಬಾಯಿಗೆ ಹಾಕಿಕೊಂಡಳು. ಹುಣಸೆಹಣ್ಣು ಕದ್ದು ತಿಂದ ಹಾಗೆ ಮುಖ ಹುಳ್ಳಗಾಯಿತು. ಉಗಿದಳು. ಮೂರು ಸಲ ಬಾಯಿ ಮುಕ್ಕಳಿಸಿ, ಸೋಂಪು ಅಗಿದು ಬಸ್ಸು ಹತ್ತಿದಳು. ಆಮೇಲೆ ಅದೇ ಅಭ್ಯಾಸವಾಯಿತು.

ಜನವರಿಯ ಮೊದಲ ವಾರ ಇಂದ್ರೇಶ್ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು ಬರೆಸಿದ. ಮೂವತ್ತಕ್ಕೆ ಹದಿನೇಳು. ತಪ್ಪಿದ್ದರಲ್ಲಿ ಹೆಚ್ಚಿನವು ದರ್ಜೆಯವು. ಬರ್ಗಂಡಿಯಲ್ಲಿ ಗ್ರಾಂ ಕ್ರು ಎಂಬುದು ಎಲ್ಲಕ್ಕೂ ಮೇಲು, ಪ್ರೆಮಿಯೇ ಕ್ರು ಅದರ ಕೆಳಗೆ. ಬೋರ್ದೋದ ಹಳೆಯ ಪಟ್ಟಿಯಲ್ಲಿ ಪ್ರೆಮಿಯೇ ಕ್ರು ಎಂಬುದೇ ಎಲ್ಲಕ್ಕೂ ಮೇಲು, ಅದರ ಕೆಳಗೆ ಎರಡು, ಮೂರು, ನಾಲ್ಕು, ಐದು. ಒಂದೇ ಪದ, ಒಂದು ಕಡೆ ಮೊದಲು, ಇನ್ನೊಂದು ಕಡೆ ಎರಡನೆಯದು. ಕಲಿತಷ್ಟೂ ಕಲಸಿಹೋಗುತ್ತಿತ್ತು. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು.

ಅದೇ ಸಂಜೆ ಮನೆಗೆ ಬಂದು ಹಸುಗಳಿಗೆ ಹುಲ್ಲು ಹಾಕುತ್ತಿದ್ದಾಗ ಅತ್ತೆ ಕೆಂಚಮ್ಮ ಹಾಲಿನ ಕ್ಯಾನು ಹಿಡಿದು ಪಕ್ಕದಲ್ಲಿ ಹಾದುಹೋದವರು ಹಾಗೇ ನಿಂತರು.

“ಏನೇ ಇದು ವಾಸ್ನೆ?”

“ಬಾಟ್ಲಿ ಒಡೆದೋಯ್ತು ಅತ್ತೆ. ಮೈಮೇಲೆ ಚೆಲ್ತು.”

“ಮೈಮ್ಯಾಲೆ ಚೆಲ್ಲಿದ್ದು ಬಾಯಲ್ಲಿ ಯಾಕೆ ಬತ್ತದೆ?”

ಕೆಂಚಮ್ಮ ಉತ್ತರಕ್ಕೆ ಕಾಯಲಿಲ್ಲ. ಕ್ಯಾನು ಎತ್ತಿಕೊಂಡು ಡೇರಿಗೆ ಹೊರಟುಹೋದರು. ಅಂದಿನಿಂದ ಮಾತು ನಿಂತಿತು. ತಟ್ಟೆ ಬರುತ್ತಿತ್ತು, ಮುದ್ದೆ ಬರುತ್ತಿತ್ತು, ಮಾತಿಲ್ಲ. ಸಂತು ಡೇರಿಯ ಹಾಲಿನ ವ್ಯಾನು ಓಡಿಸುವವನು. ಬೆಳಗ್ಗೆ ಹೋದರೆ ಮಧ್ಯಾಹ್ನಕ್ಕೆ ಬರುವವನು. “ನಾನೇ ಅಪ್ಪಂಗೆ ಹೇಳ್ತೀನಿ ಬಿಡು” ಎಂದ. ಎರಡು ದಿನ ಅಪ್ಪನ ಮುಂದೆ ಕೂತು ಗೊಬ್ಬರದ ಮಾತಾಡಿ ಎದ್ದುಬಂದ.

ಮಂಗಳವಾರ ಅವಳಿಗೆ ವಾರದ ರಜೆ. ಬೆಳಗ್ಗೆ ಹಿತ್ತಲಲ್ಲಿ ಬಟ್ಟೆ ಒಗೆದು ಒಣಹಾಕಿ ಮುಂದಕ್ಕೆ ಬಂದರೆ ಪುಟ್ಟಯ್ಯ ಜಗುಲಿಯ ಮೇಲೆ ಕನ್ನಡಕ ಹಾಕಿ ಕುಳಿತಿದ್ದಾರೆ. ತೊಡೆಯ ಮೇಲೆ ಅವಳ ನೋಟ್‌ಬುಕ್ಕು. ಶ್ಯಾಮಲಾ ಒದ್ದೆ ಕೈಯನ್ನು ಸೆರಗಿಗೆ ಒರೆಸುವುದನ್ನೂ ಮರೆತು ನಿಂತಳು.

“ಬಾರವ್ವ ಇಲ್ಲಿ. ಇದು ಯಾವ ತಾಲ್ಲೂಕು?”

“ಮಾವ?”

“ನಕ್ಷೆ ಬರ್ದಿದ್ದೀಯಲ್ಲ. ಹೊಳೆ ಐತೆ. ಹೊಳೆ ಎಡಕ್ಕೆ ಗರುಸು ಮಣ್ಣು, ಬಲಕ್ಕೆ ಜೇಡಿ ಅಂತ ಬರ್ದಿದ್ದೀಯ. ಬೋರ್ದೋ ಅಂದ್ರೆ ಎಲ್ಲಿ ಬತ್ತದೆ, ಸಕಲೇಶಪುರದಿಂದ ಆಚೀಗಾ?”

“ಫ್ರಾನ್ಸ್ ದೇಶ ಮಾವ.”

“ಅಲ್ಲೇನು ಜಮೀನು ತಗಂತಿದ್ದೀಯಾ?”

ಕೇಳಿದ್ದು ತಮಾಷೆಗೋ ಸಿಟ್ಟಿಗೋ ತಿಳಿಯಲಿಲ್ಲ. ಅತ್ತೆಗೆ ಒಂದು ಸುಳ್ಳು ಹೇಳಿ ನಾಲ್ಕು ದಿನವಾಗಿತ್ತು. ಇನ್ನೊಂದನ್ನು ಸೇರಿಸಲು ಮನಸ್ಸಾಗಲಿಲ್ಲ. ನಿಂತ ಕಾಲಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು. ಶಾಬ್ಲಿ, ಇಂಟರ್ನೆಟ್ಟಿನಲ್ಲಿ ಬರೆದದ್ದು, ಪರೀಕ್ಷೆ, ಬಕೆಟ್ಟು, ಸೋಂಪು, ಹದಿನೇಳು. ಒಳಗೆ ಪಾತ್ರೆಯ ಸದ್ದು ನಿಂತಿತು. ಕೆಂಚಮ್ಮ ಬಾಗಿಲ ಹಿಂದೆಯೇ ಇದ್ದರು.

ಪುಟ್ಟಯ್ಯ ನೋಟ್‌ಬುಕ್ಕು ಮುಚ್ಚಿದರು.

“ಕುಡೀತೀಯಾ?”

“ಇಲ್ಲ ಮಾವ. ನಮ್ಮಪ್ಪನಾಣೆ.”

“ಕುಡೀಲೇಬೇಕು ಅಂತ ಅಲ್ಲಿ ಯಾರಾನಾ ಬಲವಂತ ಮಾಡ್ತಾರಾ?”

“ಇಲ್ಲ. ಉಗೀಲೇಬೇಕು ಅಂತ ಬಲವಂತ ಮಾಡ್ತಾರೆ.”

ಪುಟ್ಟಯ್ಯನವರ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು. “ಉಗಿಯಾದಕ್ಕೆ ಇನ್ನೂರು ಪುಟ ಬರೀಬೇಕಾ!” ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ ಹೇಳಿದರು:

“ನಾನು ಅಂಗಡಿ ಎತ್ತಿಸಿದ್ದು ಯಾಕೆ ಅಂತ ಊರೋರು ಒಂದೊಂದು ಹೇಳ್ತಾರೆ. ಸಣ್ಣಯ್ಯಂಗೆ ಕೂಲಿ ಅಂತ ಅದನ್ನೇ ಕೊಡ್ತಿದ್ರು ಕಣವ್ವ. ದಿನಾ ಗೇಯ್ದು, ಸಂಜೆಗೆ ಒಂದು ಸೀಸೆ. ಆ ನನ್ನ ತಮ್ಮ ಕೈಯಲ್ಲಿ ಕಾಸು ಕಾಣ್ಲಿಲ್ಲ. ನಿಂಗೆ ಸಂಬಳ ಕೊಡ್ತಾರೆ ತಾನೆ?”

“ಕೊಡ್ತಾರೆ ಮಾವ, ಬ್ಯಾಂಕಿಗೆ.”

“ಹಂಗಾದ್ರೆ ಅದು ಕೆಲಸ. ಮನೇಗೆ ಆ ಬಾಟ್ಲು ತರಬ್ಯಾಡ. ನಿಮ್ಮತ್ತೆ ತಾವ ಸುಳ್ಳು ಹೇಳಬ್ಯಾಡ. ನಾಕು ದಿನದಿಂದ ನಂಗೂ ಸರಿಯಾಗಿ ಉಣ್ಣಕ್ಕಿಕ್ಕಿಲ್ಲ ಅವಳು. ಕೂತ್ಕ.”

ಶ್ಯಾಮಲಾ ಕೂತಳು. ಎರಡು ತಿಂಗಳಿಂದ ಬೆನ್ನ ಮೇಲೆ ಹೊತ್ತಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಎತ್ತಿ ಇಳಿಸಿದಂತಾಯಿತು. ಅಳು ಬಂತು, ಅತ್ತಳು. ಪುಟ್ಟಯ್ಯ ಅಳು ನಿಲ್ಲುವವರೆಗೆ ನೋಟ್‌ಬುಕ್ಕಿನ ಹಾಳೆ ತಿರುವುತ್ತ ಕೂತರು.

ಒಳಗಿನಿಂದ ಕೆಂಚಮ್ಮ ಕಾಫಿ ಹಿಡಿದು ಬಂದರು. ಲೋಟವನ್ನು ಸೊಸೆಯ ಮುಂದಿಟ್ಟು ಕೇಳಿದರು, “ಅಲ್ಲಿ ಹೆಂಗಸ್ರೂ ಉಗೀತಾರಾ?”

“ಎಲ್ಲಾರೂ ಉಗೀತಾರೆ ಅತ್ತೆ. ದೊಡ್ಡ ದೊಡ್ಡೋರೂವೆ.”

“ಎಲೆ ಅಡಿಕೆ ಇದ್ದಂಗೆ ಅನ್ನು” ಎಂದು ಒಳಗೆ ಹೋದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಪುಟ್ಟಯ್ಯ ಮಾತ್ರ ನೋಟ್‌ಬುಕ್ಕು ಬಿಡಲಿಲ್ಲ. “ಇಲ್ಲಿ ಕೆಂಪು ಇಂಕಿನಾಗೆ ಗೀಚಾಕಿದ್ದೀಯಲ್ಲ, ಇದೇನು?”

“ಅದೇ ಮಾವ ನಂಗೆ ತಲೆಗೆ ಹತ್ತದೇ ಇರೋದು. ಜಮೀನಿಗೆ ದರ್ಜೆ ಹಾಕ್ತಾರೆ.”

“ಜಮೀನಿಗಾ?”

ಮುದುಕರ ಬೆನ್ನು ನೆಟ್ಟಗಾಯಿತು. ಸರ್ವೆಯವರು ಊರಿಗೆ ಬಂದಾಗಲೆಲ್ಲ ಸರಪಳಿಯ ಒಂದು ತುದಿ ಹಿಡಿದು ನಡೆದವರು ಅವರೇ. ಕಲ್ಲು ಎಲ್ಲಿದೆ, ಬದು ಎಲ್ಲಿ ಸರಿದಿದೆ, ಯಾರ ಹೊಲ ನೀರಾವರಿಯ ತರಿ, ಯಾರದು ಮಳೆಯಾಶ್ರಯದ ಖುಷ್ಕಿ, ಯಾವುದು ತೋಟದ ಬಾಗಾಯ್ತು ಎಂದು ಕಾಗದ ನೋಡದೆ ಹೇಳುವವರು. ಹಳೆಯ ಪಹಣಿಯಲ್ಲಿ ಮಣ್ಣಿಗೆ ಆಣೆ ಲೆಕ್ಕದಲ್ಲಿ ಬೆಲೆ ಕಟ್ಟುತ್ತಿದ್ದರೆಂದೂ, ಹದಿನಾರಾಣೆ ಜಮೀನೆಂದರೆ ಅದಕ್ಕೆ ಮೇಲಿಲ್ಲವೆಂದೂ ಅವರು ಸೊಸೆಗೆ ಹೇಳಿದರು.

“ನಿನ್ನ ಬರ್ಗಂಡಿನಾಗೆ ದರ್ಜೆ ಯಾವುದಕ್ಕೆ? ಊರಿಗಾ, ಹೊಲಕ್ಕಾ?”

“ಒಂದೊಂದು ಹೊಲಕ್ಕೂ ಬೇರೆ ಬೇರೆ. ಗುಡ್ಡದ ಇಳಿಜಾರು. ಮೇಲುಗಡೆ ಮಣ್ಣು ತೆಳು, ಕೆಳಗಡೆ ನೀರು ನಿಲ್ತದೆ. ನಡುವಿಂದೇ ಒಳ್ಳೇದು, ಅದು ಗ್ರಾಂ ಕ್ರು.”

“ಸರಿ. ಅದು ಹದಿನಾರಾಣೆ. ಅದರ ಪಕ್ಕದ್ದು?”

“ಪ್ರೆಮಿಯೇ ಕ್ರು.”

“ಹನ್ನೆರಡಾಣೆ. ಆಮೇಲೆ?”

“ಬರೀ ಊರಿನ ಹೆಸರು ಇರೋದು.”

“ಎಂಟಾಣೆ. ಆಮೇಲೆ?”

“ಊರೂ ಇಲ್ಲ, ಇಡೀ ಸೀಮೆ ಹೆಸರು ಅಷ್ಟೆ.”

“ನಾಕಾಣೆ. ಮುಗೀತಲ್ಲ! ಇದರಲ್ಲೇನು ಕಷ್ಟ? ಈಗ ಆ ಬೋರ್ದೋದ್ದು ಹೇಳು. ಅಲ್ಲಿ ಮಣ್ಣು ನೋಡಿದೋರು ಯಾರು?”

ಶ್ಯಾಮಲಾ ಪುಸ್ತಕದಲ್ಲಿ ಓದಿದ್ದನ್ನು ನೆನಪಿಸಿಕೊಂಡಳು. “ಮಣ್ಣು ನೋಡ್ಲಿಲ್ಲ ಮಾವ. ನೂರಾ ಎಪ್ಪತ್ತು ವರ್ಷದ ಹಿಂದೆ ದಲ್ಲಾಳಿಗಳು ಕೂತು, ಯಾವ ಮನೆ ವೈನು ಎಷ್ಟು ಬೆಲೆಗೆ ಹೋಗ್ತದೆ ಅಂತ ನೋಡಿ ಮನೆಗಳಿಗೆ ದರ್ಜೆ ಹಾಕಿದ್ರು. ಒಂದರಿಂದ ಐದು.”

“ಆ ಮನೆಯೋನು ಪಕ್ಕದ ಹೊಲ ಕೊಂಡ್ಕಂಡ್ರೆ?”

“ಅದೂ ಆ ಮನೆ ಲೆಕ್ಕಕ್ಕೇ ಹೋಗ್ತದೆ.”

ಪುಟ್ಟಯ್ಯ ಬೀದಿಯತ್ತ ನೋಡಿದರು. ಬೀದಿಯ ತುದಿಯಲ್ಲಿ ಹಳೆಯ ಪಟೇಲರ ಮನೆಯ ಹೆಂಚು ಕಾಣುತ್ತಿತ್ತು.

“ಅಂದ್ರೆ ಒಂದು ಕಡೆ ಮಣ್ಣಿಗೆ ಮರ್ಯಾದೆ, ಇನ್ನೊಂದು ಕಡೆ ಮನೆತನಕ್ಕೆ ಮರ್ಯಾದೆ. ಈಗ ಮರೀತೀಯಾ?”

“ಇಲ್ಲ ಮಾವ.”

“ನಂಗೆ ಬರ್ಗಂಡಿನೇ ಸರಿ ಕಾಣ್ತದೆ” ಎಂದರು ಪುಟ್ಟಯ್ಯ. “ಈ ಊರಿನ ಪ್ರತಿ ಸರ್ವೆ ನಂಬರಿಗೂ ಸರಪಳಿ ಹಿಡಿದಿದ್ದೀನಿ. ಕಡೆಗೆ ನಮಗೆ ಅಂತ ಬಿಟ್ಟುಕೊಟ್ಟ ಎರಡೆಕರೆ ನಾಕಾಣೇದು, ಅದರಲ್ಲೂ ಹತ್ತು ಗುಂಟೆ ಬೆಳೆ ಬರದ ಖರಾಬು. ಇರಲಿ, ಮಣ್ಣು ತಾನೆ, ಮಾಡಿದ್ರೆ ಆಗ್ತದೆ.”

ಆ ಎರಡೆಕರೆಗೆ ಅವರೂ ಕೆಂಚಮ್ಮನೂ ವರ್ಷ ವರ್ಷ ಕೆರೆಗೋಡು ಮಣ್ಣು ಹೊತ್ತು ಹಾಕಿದ್ದನ್ನು, ಈಗ ಅಲ್ಲಿ ಐವತ್ತೆಂಟು ತೆಂಗು ನಿಂತಿರುವುದನ್ನು ಶ್ಯಾಮಲಾ ಬಲ್ಲಳು.

ಮಾರನೆಯ ಬೆಳಗಿನಿಂದ ಪುಟ್ಟಯ್ಯನವರದೇ ಮೇಷ್ಟ್ರುಗಿರಿ. ಅವಳು ಹಾಲು ಕರೆಯುತ್ತ ಕೂತರೆ ಅವರು ಕೊಟ್ಟಿಗೆಯ ಕಂಬಕ್ಕೊರಗಿ ನೋಟ್‌ಬುಕ್ಕು ಹಿಡಿದು ಕೇಳುವರು. “ಸಾನ್ಸೇರ್ ಯಾವ ಹೊಳೆ ದಂಡೆ?” “ಲ್ವಾರ್.” “ದ್ರಾಕ್ಷಿ?” “ಸೋವಿನ್ಯೋಂ ಬ್ಲಾಂ.” “ಗರುಸು ಮಣ್ಣಿಗೆ ಯಾವುದು ಒಗ್ತದೆ?” “ಕ್ಯಾಬರ್ನೇ.” “ಜೇಡಿಗೆ?” “ಮೆರ್ಲೋ.” ತಪ್ಪಿದರೆ ಬೈಯುವುದಿಲ್ಲ, “ಇನ್ನೊಂದು ದಪ ಅಳತೆ ಮಾಡು” ಎನ್ನುವರು. ಅವರ ಬಾಯಲ್ಲಿ ಗೆವುರ್ಟ್ಸ್‌ಟ್ರಾಮಿನರ್ ಎಂಬ ದ್ರಾಕ್ಷಿ ಗೌರಿಪುಟ್ಟಮ್ಮನಾಯಿತು. ಆ ಹೆಸರು ಹೇಳಿದಾಗಲೆಲ್ಲ ಕೆಂಚಮ್ಮ ಒಲೆಯ ಮುಂದೆ ಒಬ್ಬರೇ ನಗುವರು. ರೆಸಾರ್ಟಿನಲ್ಲಿ ಇಂದ್ರೇಶ್ ಮತ್ತೊಂದು ಪತ್ರಿಕೆ ಕೊಟ್ಟ. ಇಪ್ಪತ್ತಮೂರು ಬಂತು. ಹೇಗೆ ಎಂದು ಕೇಳಿದ. “ನಮ್ಮ ಮಾವನೋರು ಹೇಳ್ಕೊಟ್ರು” ಎಂದದ್ದನ್ನು ಅವನು ನಂಬಲಿಲ್ಲ.

ಪರೀಕ್ಷೆಯ ದಿನ ಸಂತು ರಜೆ ಹಾಕಿ, ಬೆಳಗಿನ ಮಂಜಿನಲ್ಲಿ ಬೈಕಿನ ಮೇಲೆ ಜಾವಗಲ್ ದಾರಿಯಾಗಿ ಅವಳನ್ನು ಅರಸೀಕೆರೆ ಸ್ಟೇಷನ್ನಿಗೆ ಬಿಟ್ಟ. ರೈಲು ಬರುವವರೆಗೂ ನಿಂತಿದ್ದ. “ಹೆದರ್ಕೋಬ್ಯಾಡ ಕಣೇ. ಹೋದ್ರೆ ಒಂದು ಪರೀಕ್ಷೆ” ಎಂದ. ಅವಳಿಗೆ ಹೆದರಿಕೆಯೇನೋ ಇತ್ತು, ಆದರೆ ಮೊದಲಿನ ಹೆದರಿಕೆಯಲ್ಲ. ಮನೆಗೆ ಗೊತ್ತಾದರೆ ಎಂಬ ಹೆದರಿಕೆ ಹೋದ ಮೇಲೆ ಉಳಿದದ್ದು ಬರೀ ಪರೀಕ್ಷೆಯ ಹೆದರಿಕೆ. ಅದು ಹೊರಬಹುದಾದಷ್ಟೇ ಭಾರವಿತ್ತು.

ಬೆಂಗಳೂರಿನ ಆ ಕೋಣೆಯಲ್ಲಿ ಹದಿನಾಲ್ಕು ಜನ. ಅವಳೊಬ್ಬಳೇ ಸೀರೆ ಉಟ್ಟವಳು, ಅವಳೇ ಎಲ್ಲರಿಗಿಂತ ದೊಡ್ಡವಳು. ಉಳಿದವರು ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಪಟಪಟನೆ ಮಾತಾಡಿಕೊಳ್ಳುತ್ತಿದ್ದರು. ಪತ್ರಿಕೆ ಕೈಗೆ ಬಂದಾಗ ಮೊದಲ ಎರಡು ನಿಮಿಷ ಒಂದಕ್ಷರವೂ ಕಣ್ಣಿಗೆ ಹತ್ತಲಿಲ್ಲ. ಕೊಟ್ಟಿಗೆಯಲ್ಲಿ ಕೂತಿದ್ದೇನೆ, ಮಾವ ಕೇಳುತ್ತಿದ್ದಾರೆ ಎಂದುಕೊಂಡು ಇನ್ನೊಮ್ಮೆ ನೋಡಿದಳು. ಪದಗಳು ಒಂದೊಂದಾಗಿ ನಿಂತವು. ಹತ್ತೊಂಬತ್ತನೆಯ ಪ್ರಶ್ನೆ: ಕೆಳಗಿನವುಗಳಲ್ಲಿ ಯಾವ ಕಡೆಯ ದರ್ಜೆ ತೋಟಕ್ಕೆ ಸಲ್ಲದೆ ಮನೆಗೆ ಸಲ್ಲುತ್ತದೆ? ಶ್ಯಾಮಲಾಗೆ ನಗು ಬಂದುಬಿಟ್ಟಿತು. ಮೇಲ್ವಿಚಾರಕಿ ತಲೆಯೆತ್ತಿ ನೋಡಿದಳು. ಶ್ಯಾಮಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಗುರುತು ಹಾಕಿದಳು.

ಹಿಂದಿರುಗುವ ರೈಲಿನಲ್ಲಿ ಬೋಜೊಲೆಯ ದ್ರಾಕ್ಷಿಗೆ ಗಮೇ ಎಂದು ಹಾಕುವ ಬದಲು ಪಿನೋ ನ್ವಾರ್ ಎಂದು ಹಾಕಿದ್ದು ನೆನಪಾಯಿತು. ತಿಪಟೂರು ದಾಟುವವರೆಗೆ ಅದನ್ನೇ ಚಿಂತಿಸಿದಳು. ಒಂದು ತಾನೆ ಎಂದುಕೊಂಡಳು. ಮರುಕ್ಷಣ ಇನ್ನೊಂದು ನೆನಪಾಯಿತು.

ಫಲಿತಾಂಶ ಬರಲು ಒಂಬತ್ತು ದಿನ ಹಿಡಿಯಿತು. ಆ ಸಂಜೆ ಕೆಲಸ ಮುಗಿಸಿ ಹಳೇಬೀಡಿನಲ್ಲಿ ಬಸ್ಸು ಹತ್ತಿ ಕೂತಿದ್ದಳು. ಇಂದ್ರೇಶನ ಫೋನು ಬಂತು.

“ಶ್ಯಾಮಲಕ್ಕ, ಎಲ್ಲಿದ್ದೀರಾ?”

“ಬಸ್ಸಲ್ಲಿದ್ದೀನಿ ಸಾರ್. ಏನಾಯ್ತು?”

“ಇಪ್ಪತ್ತಾರು ಅಕ್ಕ! ಮೂವತ್ತಕ್ಕೆ ಇಪ್ಪತ್ತಾರು!”

ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ತಲೆಯನ್ನು ಕಿಟಕಿಯ ಸರಳಿಗೆ ಆನಿಸಿದಳು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಗದ್ದೆ, ತೆಂಗು, ಗದ್ದೆ. ಮೈಯೆಲ್ಲ ಸಡಿಲವಾಗಿ, ಇನ್ನು ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ ಎನಿಸಿತು. ಕಣ್ಣು ಮುಚ್ಚಿತು. ಕಂಡಕ್ಟರು “ಹಗರೆ, ಹಗರೆ, ಇಳೀರಿ” ಎಂದು ಕೂಗಿದಾಗಲೇ ಎಚ್ಚರ. ಮಾದಿಹಳ್ಳಿ ಯಾವಾಗಲೋ ಹಿಂದಾಗಿತ್ತು.

ಹಗರೆಯ ಸ್ಟಾಪಿನಲ್ಲಿ ಇಳಿದು ಮನೆಗೆ ಫೋನು ಮಾಡಿದಳು. ಸಂತು ಎತ್ತಿ, ಕೇಳಿ, ಕೂಗಿ, ಅಪ್ಪನ ಕಿವಿಗೆ ಫೋನು ಹಿಡಿದ.

“ಎಷ್ಟಕ್ಕೆ ಎಷ್ಟು?” ಎಂದರು ಪುಟ್ಟಯ್ಯ.

“ಮೂವತ್ತಕ್ಕೆ ಇಪ್ಪತ್ತಾರು ಮಾವ.”

“ನಾಕು ಎಲ್ಲಿ ಹೋದ್ವು?”

“ಖರಾಬಿಗೆ ಹೋದ್ವು ಮಾವ.”

ಆ ಕಡೆಯಿಂದ ನಗು ಕೇಳಿಸಿತು, ಆಮೇಲೆ ಕೆಮ್ಮು, ಆಮೇಲೆ ಕೆಂಚಮ್ಮನ ದನಿ: “ಅಲ್ಲೇ ಇರು, ಸಂತು ಬತ್ತಾನೆ ಗಾಡಿ ತಗಂಡು. ಕೋಳಿ ಕುಯ್ಯಿಸ್ತೀನಿ.”

ಫೆಬ್ರವರಿಯ ಒಂದನೇ ತಾರೀಖಿನಿಂದ ಶ್ಯಾಮಲಾ ಊಟದ ವಿಭಾಗದ ಕ್ಯಾಪ್ಟನ್. ಬೆಂಗಳೂರಿನಿಂದ ಯಾರೂ ಬರಲಿಲ್ಲ. ಕಪ್ಪು ಕೋಟು ಹಾಕಿಕೊಳ್ಳುತ್ತೀರಾ ಎಂದು ಕೇಳಿದರು. ಸೀರೆಯೇ ಸಾಕು ಎಂದಳು. ಗ್ಲಾಸಿನಲ್ಲಿರುವುದರ ಬಗ್ಗೆ ಕೇಳಿದವರಿಗೆ ಮೊದಲು ಮಣ್ಣಿನ ವಿಷಯ ಹೇಳುತ್ತಾಳೆ, ಆಮೇಲೆ ಹಣ್ಣಿನದು. ಇವತ್ತಿನವರೆಗೂ ಒಂದು ಗುಟುಕು ನುಂಗಿಲ್ಲ.

ಅದೆಲ್ಲ ಆಮೇಲಿನ ಮಾತು. ಆ ಸಂಜೆ ಅವಳು ಮನೆಗೆ ಹೋಗಿ, ಕೋಳಿ ಸಾರಿನಲ್ಲಿ ಎರಡು ಮುದ್ದೆ ಉಂಡು, ಎಂಟು ಗಂಟೆಗೇ ಚಾಪೆ ಹಾಸಿ ಮಲಗಿದಳು. ಬೆಳಗ್ಗೆ ಹಾಲು ಕರೆಯುವ ಹೊತ್ತಾದರೂ ಕೆಂಚಮ್ಮ ಎಬ್ಬಿಸಲಿಲ್ಲ. ತಾವೇ ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೋದರು.